ಜಮಾಬಂದಿ ಮುಂದಿನ ವಾರ: ಲೆಕ್ಕ ಕೇಳಿದರೆ ಜಗಳ ಅಂತಾರೆ, ಹೇಗೆ ಕೇಳೋದು?

ಹುಣಸೆಮರದಡಿ (ತುಮಕೂರು ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯ್ತಿ ಬೋರ್ಡಿಗೆ ಜಮಾಬಂದಿ (ವರ್ಷಕ್ಕೊಮ್ಮೆ ಪಂಚಾಯ್ತಿ ಲೆಕ್ಕವನ್ನ ಜನರ ಎದುರಿಗೆ ತಾಳೆ ನೋಡೋದು) ನೋಟಿಸ್ ಅಂಟಿಸಿದ್ದಾರೆ. ಮುಂದಿನ ಗುರುವಾರ ಬೆಳಿಗ್ಗೆ 11ಕ್ಕೆ, 2024-25ನೇ ಸಾಲಿನ ಲೆಕ್ಕ. ಹೋದ ವರ್ಷವೂ ಹೋಗಿದ್ದೆ. ಹನ್ನೊಂದೂವರೆಗೆ ತಲುಪಿದರೆ ಆಗಲೇ ಎಲ್ಲ ಮುಗಿದು ಟೀ ಲೋಟ ಎತ್ತುತ್ತಿದ್ದರು. "ಹೆಂಗೂ ಬಂದಿದ್ದೀಯಲ್ಲ, ಒಂದು ಸೈನ್ ಹಾಕು" ಅಂತ ಪುಸ್ತಕ ಮುಂದಿಟ್ಟರು. ಹಾಕಿಬಿಟ್ಟೆ. ಮನೆಗೆ ಬಂದ ಮೇಲೆ, ನಾನು ಯಾವುದಕ್ಕೆ ಸೈನ್ ಹಾಕಿದೆ ಅನ್ನೋದೇ ಗೊತ್ತಿಲ್ಲವಲ್ಲ ಅಂತ ರಾತ್ರಿಯೆಲ್ಲಾ ಕೊರೀತು.

ಈ ಸಲ ಕೇಳೋಕೆ ಒಂದು ವಿಷಯ ಇದೆ. ನಮ್ಮ ಬೀದಿ ಚರಂಡಿ. ಕಾಮಗಾರಿ ಪಟ್ಟಿಯಲ್ಲಿ 120 ಮೀಟರ್, ಮೇಲೆ ಚಪ್ಪಡಿ ಸಮೇತ, ಕೆಲಸ ಪೂರ್ಣ ಅಂತಿದೆ. ನಾನು, ನನ್ನ ಬಾಮೈದ ಇಬ್ಬರೂ ಟೇಪು ಹಿಡಿದು ಅಳೆದೆವು. ಎರಡು ಸಲ ಅಳೆದರೂ 84. ಉಳಿದ 36 ಮೀಟರ್ ಎಲ್ಲಿ?

ತೊಡಕು ಏನಂದ್ರೆ, ನಮ್ಮ ವಾರ್ಡಿನ ಮೆಂಬರು ನಮ್ಮ ದೊಡ್ಡಪ್ಪನ ಮಗ. ಚಿಕ್ಕಂದಿನಿಂದ ಒಂದೇ ಮನೆಯಲ್ಲಿ ಉಂಡು ಬೆಳೆದವರು. ನಾಲ್ಕು ಜನರ ಮುಂದೆ ಎದ್ದು ಕೇಳಿದರೆ ಅಣ್ಣನಿಗೆ ಕಳ್ಳ ಅಂದ ಹಾಗಾಗುತ್ತೆ. ಅಪ್ಪ ಹೇಳ್ತಾರೆ, "ಬಂದ ಅಧಿಕಾರಿ ಸಂಜೆ ಬಸ್ಸಿಗೆ ಹೋಗ್ತಾನೆ, ಇಲ್ಲೇ ಇರಬೇಕಾದವರು ನಾವು." ಅಪ್ಪನ ಮಾತು ಸುಳ್ಳಲ್ಲ. ಆದರೆ ಮಳೆ ಬಂದಾಗ ಚರಂಡಿ ನಿಂತುಹೋದ ಜಾಗದಲ್ಲಿ ನೀರೆಲ್ಲ ನಮ್ಮ ಅತ್ತೆಯ ಮನೆ ಅಂಗಳಕ್ಕೆ ನುಗ್ಗುತ್ತೆ. ಅದೂ ಸುಳ್ಳಲ್ಲ.

ನಿಮ್ಮೂರುಗಳಲ್ಲಿ ಹೇಗೆ ಕೇಳ್ತೀರಿ?

ಗದಗಿನ ಗಾಳಿ

ಕೇಳ್ರಿ, ಅಂಜಬ್ಯಾಡ್ರಿ. ನಮ್ಮ ಊರಾಗ ಹೊಲದ ದಾರಿಗೆ ಮಣ್ಣು ಹಾಕೀವಿ ಅಂತ ಬರದಿದ್ರು. ಮೂರು ಮಂದಿ ಟ್ರ್ಯಾಕ್ಟರ್ ತಗೊಂಡು ಆ ದಾರಿಗೇ ಅಧಿಕಾರಿನ್ನ ಕರಕೊಂಡು ಹೋದ್ವಿ. ನಡುಮಟ ಕೆಸರಾಗ ಟ್ರ್ಯಾಕ್ಟರ್ ಸಿಕ್ಕೊಂಡಿತು. ಆಮ್ಯಾಲ ನಾವು ಒಂದ ಮಾತೂ ಆಡಲಿಲ್ಲ, ಅವರ ಬರಕೊಂಡ್ರು.

ಬೆಂಗಳೂರಲ್ಲಿರೋ ಹಳ್ಳಿಹುಡುಗ

ಸುಮ್ಮನೆ ಸಂಬಂಧ ಕೆಡಿಸಿಕೊಳ್ಳಬೇಡಿ ಗುರು. ಆರ್‌ಟಿಐ ಹಾಕಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್, ಮುಗೀತು.

ನಿವೃತ್ತ ಮೇಷ್ಟ್ರು

ಆರ್‌ಟಿಐ ಅರ್ಜಿಗೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಜಮಾಬಂದಿ ಮುಂದಿನ ಗುರುವಾರ. ಸುಗ್ಗಿ ಮುಗಿದ ಮೇಲೆ ಕುಡುಗೋಲು ಮಸೆದ ಹಾಗಾಗುತ್ತದೆ. ಮೇಲಾಗಿ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅದು ಬೇಡ ಅಂತಲ್ಲ, ಬೇರೆ ಹೊತ್ತಿನ ಆಯುಧ.

ಬೆಂಗಳೂರಲ್ಲಿರೋ ಹಳ್ಳಿಹುಡುಗ

ಮೇಷ್ಟ್ರೇ, ಒಪ್ಪಿದೆ. ಆದರೆ ಸಭೆಯಲ್ಲಿ ಕೇಳಿದರೆ ಮುಖ ಎಲ್ಲರಿಗೂ ಕಾಣುತ್ತೆ. ಅದಕ್ಕೇ ಅಂದೆ.

ಸಂಜೀವಿನಿ ಅಕ್ಕ

ಅರ್ಜಿ ಹಾಕಿದರೆ ಮುಖ ಕಾಣಲ್ಲ ಅಂದುಕೊಂಡಿದ್ದೀರಾ ತಮ್ಮಾ? ಹೆಸರು, ವಿಳಾಸ ಬರೆದೇ ತಾನೇ ಕೊಡೋದು? ಅರ್ಜಿ ಟೇಬಲ್ ಮೇಲೆ ಬಿದ್ದ ಸಂಜೆಗೇ ಇಡೀ ಊರಿಗೆ ಗೊತ್ತಾಗುತ್ತೆ. ಅದಕ್ಕಿಂತ ಎದುರಿಗೇ ಕೇಳೋದು ವಾಸಿ.

ಪಂಚಾಯ್ತಿ ನೌಕರ

ನಾನು ಬೇರೆ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಹನ್ನೆರಡು ವರ್ಷದಿಂದ ಇದ್ದೀನಿ. ಒಳಗಿನಿಂದ ನೋಡಿದ್ದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮೊದಲನೆಯದಾಗಿ, ಜಮಾಬಂದಿ ಭಾಷಣದ ಸಭೆ ಅಲ್ಲ, ಫಲಾನುಭವಿ ಆಯ್ಕೆಯ ಸಭೆಯೂ ಅಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ, ಹಿಂದಿನ ಆರ್ಥಿಕ ವರ್ಷದ ಜಮಾ-ಖರ್ಚನ್ನ ಹೊರಗಿನ ಅಧಿಕಾರಿಯೊಬ್ಬರು ಬಂದು ಜನರ ಎದುರಿಗೆ ತಾಳೆ ನೋಡಬೇಕು. ಬರೀ ಪುಸ್ತಕ ನೋಡಿದರೆ ಸಾಲದು, ಕಾಮಗಾರಿ ನಡೆದ ಜಾಗಕ್ಕೂ ಹೋಗಬೇಕು. ಎಷ್ಟೋ ಕಡೆ ಆ ಎರಡನೇ ಭಾಗವೇ ಬಿಟ್ಟುಹೋಗುತ್ತೆ. ಯಾಕಂದ್ರೆ "ಜಾಗ ತೋರಿಸಿ" ಅಂತ ಯಾರೂ ಕೇಳಲ್ಲ.

ನಿಮ್ಮ ಚರಂಡಿ ವಿಷಯಕ್ಕೆ ಬರೋಣ. ಪಟ್ಟಿಯಲ್ಲಿ ಬರೋದು ಕಾಮಗಾರಿಯ ಹೆಸರು ಮತ್ತು ಒಟ್ಟು ಅಳತೆ. ಒಂದೇ ಹೆಸರಿನಡಿ ಎರಡು ತುಂಡು ಕೆಲಸ ಆಗಿರಬಹುದು. ಎಲ್ಲಿಂದ ಎಲ್ಲಿಗೆ ಅನ್ನೋದು ಗೊತ್ತಾಗೋದು ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ. ಅದನ್ನ ಬರೆಯೋದು ಇಂಜಿನಿಯರು. ಆದ್ದರಿಂದ "36 ಮೀಟರ್ ನುಂಗಿದ್ದಾರೆ" ಅಂತ ಶುರು ಮಾಡಬೇಡಿ. "ಈ ಕೆಲಸದ ಎಂ.ಬಿ. ತೋರಿಸಿ, ಅದರ ಪ್ರಕಾರ ಜಾಗದಲ್ಲಿ ಅಳೆಯೋಣ" ಅನ್ನಿ. ಲೆಕ್ಕ ಸರಿ ಇದ್ದರೆ ನಿಮ್ಮ ಮನಸ್ಸಿನ ಹುಳ ಹೋಗುತ್ತೆ. ಇಲ್ಲದಿದ್ದರೆ ಪುಸ್ತಕವೇ ಹೇಳುತ್ತೆ.

ಎರಡು ದಿನ ಮುಂಚೆಯೇ ಪಂಚಾಯ್ತಿಗೆ ಹೋಗಿ, ಜಮಾಬಂದಿಗೆ ಇಡೋ ದಾಖಲೆಗಳನ್ನ ನೋಡಬೇಕು ಅಂತ ಬರೆದು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆ ಸಭೆ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಹುಣಸೆಮರದಡಿ

ಎರಡು ತುಂಡು ಇರಬಹುದು ಅಂತ ಹೊಳೆದೇ ಇರಲಿಲ್ಲ. ಒಳ್ಳೇದಾಯ್ತು, ಮೊದಲೇ ಕೇಳಿದ್ದು.

ಮಾಜಿ ಮೆಂಬರು

ಐದು ವರ್ಷ ಮೆಂಬರ್ ಆಗಿದ್ದವನು ನಾನು. ನೌಕರ ಸಾಹೇಬರು ಹೇಳಿದ್ದು ಸರಿ. ಅದಕ್ಕೊಂದು ಸೇರಿಸ್ತೀನಿ. ಹಣ ಪಾವತಿ ಆಗೋದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರ ಡಿಜಿಟಲ್ ಸಹಿಯಿಂದ. ವಾರ್ಡ್ ಮೆಂಬರು ಕ್ರಿಯಾ ಯೋಜನೆಗೆ ಕೆಲಸ ಬರೆಸ್ತಾನೆ, ಸಾಮಾನ್ಯ ಸಭೆಯಲ್ಲಿ ಕೈ ಎತ್ತುತ್ತಾನೆ, ಅಷ್ಟೇ. ನಿಮ್ಮಣ್ಣನಿಗೆ ಎಂ.ಬಿ.ಯಲ್ಲಿ ಏನು ಬರೆದಿದ್ದಾರೆ ಅಂತ ಗೊತ್ತೇ ಇಲ್ಲದಿರಬಹುದು. ಜನ ಮಾತ್ರ ಮೊದಲು ಹಿಡಿಯೋದು ಮೆಂಬರ್ ಕಾಲರ್. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ "ಲೈಟ್ ಉರೀತಿಲ್ಲ ಕಣಪ್ಪ" ಅಂತಾರೆ. ಅನುಭವಿಸಿದವನಿಗೇ ಗೊತ್ತು.

ಗದಗಿನ ಗಾಳಿ

ಮಾಜಿ ಸಾಹೇಬ್ರ, ಅರ್ಧಾ ಮಾತ್ರ ಹೇಳಿದ್ರಿ. ಸಹಿ ಪಿಡಿಒದು, ಖರೆ. ಗುತ್ತಿಗಿ ಯಾರ ಹೆಸರಿಗೆ ಇರತೈತಿ, ಕೆಲಸ ಯಾರು ಮಾಡಸ್ತಾರ? ಭಾಳ ಊರಾಗ ಮೆಂಬರ್ ಮನಿ ಮಂದೀನ ನಿಂತು ಮಾಡಸ್ತಾರ. ಅದನ್ನೂ ಹೇಳ್ರಿ.

ಮಾಜಿ ಮೆಂಬರು

ಇಲ್ಲ ಅನ್ನಲ್ಲ. ನಮ್ಮ ಅವಧಿಯಲ್ಲೂ ಇತ್ತು. ನಾನು ಮಾಡಿಲ್ಲ, ಆದರೆ ನೋಡಿ ಸುಮ್ಮನಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತೆ.

ಸಂಜೀವಿನಿ ಅಕ್ಕ

ಒಂದು ಪ್ರಶ್ನೆ ಎಲ್ಲರಿಗೂ. ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಹೆಂಗಸರು ಹೇಗೆ ಬರ್ತಾರೆ? ನಾನು ಪಂಚಾಯ್ತಿ ಸ್ವಚ್ಛವಾಹಿನಿ ಗಾಡಿ ಓಡಿಸ್ತೀನಿ. ಬೆಳಿಗ್ಗೆ ಆರೂವರೆಗೆ ಹೊರಟರೆ ಹಸಿ ಕಸ, ಒಣ ಕಸ ಬೇರೆ ಮಾಡಿ ಘಟಕಕ್ಕೆ ಹಾಕಿ ಬರೋದು ಒಂದೂವರೆ. ಉಳಿದವರು ಡೇರಿಗೆ ಹಾಲು ಹಾಕಿ, ಮಕ್ಕಳನ್ನ ಕಳಿಸಿ, ಕೂಲಿಗೆ ಹೋಗಿರ್ತಾರೆ. ಗ್ರಾಮಸಭೆಗೆ ಬಂದವರಲ್ಲಿ ಶೇ. 30ರಷ್ಟಾದರೂ ಹೆಂಗಸರಿರಬೇಕು ಅಂತ ಕಾನೂನೇ ಹೇಳುತ್ತೆ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟರು. ಹೊತ್ತು ಮಾತ್ರ ಆಫೀಸಿನ ಹೊತ್ತು.

ನಾವು ಮಹಿಳಾ ಸಂಘಗಳ ಒಕ್ಕೂಟದಿಂದ ಬರೆದುಕೊಟ್ಟೆವು, ಸಭೆ ಮಧ್ಯಾಹ್ನ ಮೂರಕ್ಕೆ ಇಡಿ ಅಂತ. ಎರಡು ಸಲ ಆಗಲ್ಲ ಅಂದರು, ಮೂರನೇ ಸಲ ಇಟ್ಟರು. ಅವತ್ತು ಹೆಂಗಸರೇ ಅರವತ್ತು ಜನ. ಕಸದ ಗಾಡಿಗೆ ಮನೆಯಿಂದ ತಿಂಗಳಿಗೆ ವಸೂಲಾಗೋ ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳಿದ್ದು ನಾನೇ. ನನ್ನ ಸಂಬಳವೇ ಅದರಲ್ಲಿತ್ತಲ್ಲ! ಖಾತೆ ಪುಸ್ತಕ ತಂದು ಓದಿದರು. ಓದಿದ ಮೇಲೆ ವಸೂಲಿಯೂ ಜಾಸ್ತಿ ಆಯ್ತು. ಲೆಕ್ಕ ಗೊತ್ತಾದರೆ ಜನ ಕೊಡ್ತಾರೆ, ಅದನ್ನ ಕಣ್ಣಾರೆ ಕಂಡೆ.

ರಾಗಿ ರೊಟ್ಟಿ

ಅಕ್ಕ, ನೀವು ಹೇಳಿದ್ದು ಗ್ರಾಮಸಭೆ. ಇಲ್ಲಿ ಮಾತಾಡ್ತಿರೋದು ಜಮಾಬಂದಿ. ಎರಡೂ ಒಂದೇನಾ? ನನಗೂ ಗೊಂದಲ. ಇದರ ಜೊತೆ ಸಾಮಾಜಿಕ ಪರಿಶೋಧನೆ ಅಂತ ಇನ್ನೊಂದು ಬೇರೆ ಇದೆ.

ನಿವೃತ್ತ ಮೇಷ್ಟ್ರು

ಬೇರೆ ಬೇರೆ. ಗ್ರಾಮಸಭೆ ಎಂದರೆ ಪಂಚಾಯ್ತಿ ವ್ಯಾಪ್ತಿಯ ಎಲ್ಲ ಮತದಾರರ ಸಭೆ. ಎರಡು ಸಭೆಗಳ ನಡುವೆ ಆರು ತಿಂಗಳು ಮೀರಬಾರದು. ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಿರಬೇಕು. ಸಾಮಾಜಿಕ ಪರಿಶೋಧನೆ ಎಂದರೆ ಉದ್ಯೋಗ ಖಾತ್ರಿಯ ಕೆಲಸಗಳನ್ನು ಊರಿನವರೇ ಪರಿಶೀಲಿಸುವುದು; 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮಿನಿಂದ ಬಂದದ್ದು, ಅದರ ವರದಿಯನ್ನೂ ಗ್ರಾಮಸಭೆಯ ಮುಂದೆಯೇ ಓದಬೇಕು. ಜಮಾಬಂದಿ ಮಾತ್ರ ವರ್ಷಕ್ಕೊಮ್ಮೆ, ಪಂಚಾಯ್ತಿಯ ಇಡೀ ಲೆಕ್ಕಕ್ಕೆ.

ಈ ಪದದ ಮೇಲೆ ನನಗೊಂದು ಮಮತೆ ಇದೆ. ಪಾರ್ಸಿಯಿಂದ ಬಂದ ಮಾತು, ಜಮಾ ಎಂದರೆ ಕಂದಾಯದ ಮೊತ್ತ, ಬಂದಿ ಎಂದರೆ ಕಟ್ಟು ಮಾಡುವುದು. ಮೈಸೂರು ಸಂಸ್ಥಾನದ ಕಾಲದಲ್ಲಿ ಜಮಾಬಂದಿ ಎಂದರೆ ಸರ್ಕಾರದ ಅಧಿಕಾರಿಗಳು ಊರಿನ ಕಂದಾಯದ ಲೆಕ್ಕ ತೆಗೆದುಕೊಳ್ಳುವುದು. ಶಾನುಭೋಗರು ಖಿರ್ದಿ ಕಟ್ಟು ಹೊತ್ತುಕೊಂಡು ಹೋಗುತ್ತಿದ್ದ ಕಥೆಯನ್ನು ನಮ್ಮ ತಾತ ಹೇಳುತ್ತಿದ್ದರು. ಅಂದು ಸರ್ಕಾರ ಊರಿನ ಲೆಕ್ಕ ಕೇಳುತ್ತಿತ್ತು. ಇಂದು ಅದೇ ಹೆಸರಿನಲ್ಲಿ ಊರು ಪಂಚಾಯ್ತಿಯ ಲೆಕ್ಕ ಕೇಳಬಹುದು. ಇಷ್ಟು ದೊಡ್ಡ ಬದಲಾವಣೆ ಆಗಿರುವಾಗ ನಾವು ಹನ್ನೊಂದೂವರೆಗೆ ಹೋಗಿ ಸೈನ್ ಹಾಕಿ ಬಂದರೆ ಹೇಗೆ?

ಹುಣಸೆಮರದಡಿ

ಮೇಷ್ಟ್ರೇ, ಈ ಸಲ ಹತ್ತೂವರೆಗೇ ಹೋಗಿ ಕೂರ್ತೀನಿ.

ನೀರುಗಂಟಿ ಮಗ

ಚರಂಡಿ ಬಿಡಿ, ನಮ್ಮೂರಲ್ಲಿ ನಲ್ಲಿಗೆ ಅಂತ ಕಾಂಕ್ರೀಟ್ ರಸ್ತೆ ಕೊರೆದು ಪೈಪು ಹಾಕಿದರು. ಎರಡು ಮಳೆಗಾಲ ಆಯ್ತು, ಅಗೆದ ರಸ್ತೆ ಮುಚ್ಚಿಲ್ಲ. ಮನೆ ಮುಂದೆ ನಲ್ಲಿ ನಿಂತಿದೆ, ನೀರಿಲ್ಲ. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗೋಡೆ ಮೇಲೆ ಬರೆದಿದ್ದಾರೆ. ಇದನ್ನೂ ಜಮಾಬಂದಿಯಲ್ಲಿ ಕೇಳಬಹುದಾ?

ಪಂಚಾಯ್ತಿ ನೌಕರ

ಜಲ ಜೀವನ್ ಕೆಲಸದ ಟೆಂಡರ್, ಬಿಲ್ಲು ಪಂಚಾಯ್ತಿ ಪುಸ್ತಕದಲ್ಲಿ ಇರಲ್ಲ. ಅದು ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದು. ಕೆಲಸ ಮುಗಿದ ಮೇಲೆ ಪಂಚಾಯ್ತಿಗೆ ಹಸ್ತಾಂತರ ಮಾಡ್ತಾರೆ. ಹಾಗಾಗಿ ಜಮಾಬಂದಿಗಿಂತ ಗ್ರಾಮಸಭೆಯಲ್ಲಿ ಎತ್ತಿ. "ರಸ್ತೆ ಮುಚ್ಚಿ, ಪ್ರತಿ ನಲ್ಲಿಗೂ ನೀರು ಬಂದದ್ದನ್ನ ತೋರಿಸೋವರೆಗೆ ಹಸ್ತಾಂತರ ಮಾಡಿಕೊಳ್ಳಬಾರದು" ಅಂತ ಠರಾವು ಬರೆಸಿ. ಒಮ್ಮೆ ಸಹಿ ಹಾಕಿ ತಗೊಂಡರೆ ಆಮೇಲಿನ ರಿಪೇರಿಯೆಲ್ಲ ಪಂಚಾಯ್ತಿ ತಲೆಗೇ.

ನೀರುಗಂಟಿ ಮಗ

ಇದು ಗೊತ್ತಿರಲಿಲ್ಲ ಸಾರ್. ನಮ್ಮಪ್ಪನೇ ನೀರು ಬಿಡೋದು. ನೀರು ಬರದಿದ್ದರೆ ಬೈಗುಳ ಎಲ್ಲ ಅಪ್ಪನಿಗೆ. ಬೆಳಗಿನ ಜಾವ ನಾಲ್ಕಕ್ಕೆ ತ್ರೀಫೇಸ್ ಕರೆಂಟ್ ಬಂತು ಅಂತ ಎದ್ದು ಓಡ್ತಾರೆ. ಅವರ ಸಂಬಳ ಎಷ್ಟೋ ತಿಂಗಳು ತಡ. ಅದನ್ನ ಯಾವ ಸಭೆಯಲ್ಲೂ ಯಾರೂ ಕೇಳಿದ್ದು ನಾನು ಕಂಡಿಲ್ಲ.

ಸಂಜೀವಿನಿ ಅಕ್ಕ

ಕೇಳಬೇಕು ಕಣಪ್ಪ. ನೀನೇ ಕೇಳು. ಸಿಬ್ಬಂದಿ ವೇತನವೂ ಖರ್ಚಿನ ಲೆಕ್ಕದಲ್ಲೇ ಬರುತ್ತೆ, ಅದಂತೂ ಜಮಾಬಂದಿಗೇ ಸಲ್ಲೋ ಪ್ರಶ್ನೆ.

ರಾಗಿ ರೊಟ್ಟಿ

ಉದ್ಯೋಗ ಖಾತ್ರಿಯದ್ದೂ ಇದರಲ್ಲಿ ಬರುತ್ತಲ್ವಾ? ನಮ್ಮ ಊರಲ್ಲಿ ಕೆಲವರಿಗೆ ದಿನಕ್ಕೆ 370 ಬರಬೇಕಾದದ್ದು 349 ಮಾತ್ರ ಬಂದಿದೆ ಅಂತ ಗಲಾಟೆ. ಅದನ್ನೂ ಕೇಳೋಣ ಅಂತಿದ್ದೀವಿ.

ಪಂಚಾಯ್ತಿ ನೌಕರ

ತಡೀರಿ, ಅದು ತಪ್ಪಾಗುತ್ತೆ. 370 ಬಂದದ್ದು 2025ರ ಏಪ್ರಿಲ್ 1ರಿಂದ. ಈಗ ನೋಡ್ತಿರೋದು 2024-25ರ ಲೆಕ್ಕ, ಆ ವರ್ಷದ ಕೂಲಿ ದರ 349ಏ. ಸರಿಯಾಗೇ ಬಂದಿದೆ. ಕೇಳೋದಾದರೆ ಎನ್‌ಎಂಆರ್ ಕೇಳಿ. ಅದು ಕೂಲಿಯವರ ಹಾಜರಿ ಪಟ್ಟಿ, ಕೆಲಸಕ್ಕೆ ಬಾರದವರ ಹೆಸರು ಅದರಲ್ಲಿದೆಯಾ ನೋಡಿ. ಕೆಲಸದ ಜಾಗದಲ್ಲಿ ನಾಮಫಲಕ ಇದೆಯಾ ನೋಡಿ.

ರಾಗಿ ರೊಟ್ಟಿ

ಅಯ್ಯೋ, ಒಳ್ಳೇ ಟೈಮಿಗೆ ಹೇಳಿದ್ರಿ. ಇಲ್ಲದಿದ್ದರೆ ನಾವೇ ತಪ್ಪು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಬೇಕಾಗ್ತಿತ್ತು.

ಕುಂದಾಪುರದ ಕಡಲು

ನಮ್ಮ ಬದಿಯ ಒಂದು ಸಂಗತಿ ಹೇಳ್ತೇನೆ. ಮಕ್ಕಳ ಗ್ರಾಮಸಭೆ ಅಂತ ಆಗ್ತದಲ್ಲ, ಅದರ ಬೇರು ಇರುವುದು ನಮ್ಮ ಕುಂದಾಪುರ ತಾಲೂಕಿನಲ್ಲಿ. ಕೆರಾಡಿಯಲ್ಲೆಲ್ಲ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಇತ್ತು ಮಾರಾಯ್ರೆ. ಆಮೇಲೆ 2006ರಲ್ಲಿ ಸರ್ಕಾರವೇ ಎಲ್ಲ ಪಂಚಾಯತ್‌ಗೂ ಮಕ್ಕಳ ಗ್ರಾಮಸಭೆ ಮಾಡಿ ಅಂತ ಆದೇಶ ಮಾಡಿತು.

ನಮ್ಮ ಊರಿನ ಮಕ್ಕಳು ಕೇಳಿದ್ದು ಕಾಲುಸಂಕ, ಅಂದ್ರೆ ಹಳ್ಳ ದಾಟುವ ಸಣ್ಣ ಸೇತುವೆ. ಮಳೆಗಾಲದಲ್ಲಿ ತೋಡು ತುಂಬಿದರೆ ಶಾಲೆಗೆ ಸುತ್ತು ಬಳಸಿ ಹೋಗ್ಬೇಕು. ಅಡಿಕೆ ಮರದ ಸಂಕ ಜಾರ್ತದೆ. ದೊಡ್ಡವರು ಹತ್ತು ವರ್ಷ ಅರ್ಜಿ ಕೊಟ್ಟು ಸೋತಿದ್ದರು. ಏಳನೇ ಕ್ಲಾಸಿನ ಹುಡುಗಿ ಎದ್ದು, "ಹೋದ ವರ್ಷದ ಸಭೆಯಲ್ಲೂ ಇದನ್ನೇ ಕೇಳಿದ್ದೆವು, ನಡಾವಳಿ ಪುಸ್ತಕದಲ್ಲಿ ಬರೆದಿದ್ದೀರಿ, ಎಂತ ಆಯ್ತು?" ಅಂತ ಕೇಳಿದಳು. ಸಭೆ ಸ್ತಬ್ಧ. ಮಕ್ಕಳಿಗೆ ಯಾರ ಹಂಗೂ ಇಲ್ಲ ಅಲ್ವಾ. ಆ ವರ್ಷವೇ ಸಂಕ ಆಯ್ತು.

ನಿಮಗೆ ಅಣ್ಣನ ಸಂಕೋಚ ಅಂದ್ರಿ. "ಹೋದ ವರ್ಷ ಬರೆದದ್ದು ಎಂತ ಆಯ್ತು" ಅಂತ ಕೇಳಿ. ಅದರಲ್ಲಿ ಯಾರ ಹೆಸರೂ ಇಲ್ಲ.

ಮಾಜಿ ಮೆಂಬರು

ಇದು ಬಹಳ ಸರಿಯಾದ ಮಾತು. ಅದಕ್ಕೆ ಅನುಪಾಲನಾ ವರದಿ ಅಂತಾರೆ. ಪ್ರತಿ ಸಭೆಯ ಮೊದಲ ವಿಷಯವೇ ಅದಾಗಬೇಕು. ನಮ್ಮಲ್ಲಿ ಹೊಸ ಬೇಡಿಕೆ ಬರೆಸೋಕೆ ಎಲ್ಲರೂ ಮುಂದೆ ಬರ್ತಾರೆ, ಹಳೇದು ಏನಾಯ್ತು ಅಂತ ಕೇಳೋರಿಲ್ಲ.

ಕಾಸರಗೋಡು ಕನ್ನಡಿಗ

ನಾವು ಗಡಿಯ ಆಚೆ ಇದ್ದೇವೆ, ಕೇರಳದ ಕಾನೂನು. ಇಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಜನರ ಸಭೆ, ಮೂರು ತಿಂಗಳಿಗೊಮ್ಮೆಯಾದರೂ ಆಗಬೇಕು. ವಾರ್ಡಿನ ಮೆಂಬರೇ ಸಂಚಾಲಕ, ಕರೆಯದೆ ಬಿಟ್ಟರೆ ಅವನ ಸದಸ್ಯತ್ವಕ್ಕೇ ಕುತ್ತು. ಹತ್ತಿರದ ಶಾಲೆಯಲ್ಲೇ ನಡೆಯುವುದರಿಂದ ಜನ ಬರುತ್ತಾರೆ. ನಮ್ಮ ತೊಂದರೆ ಬೇರೆ: ಕಾಗದ ಪತ್ರ ಮಲಯಾಳದಲ್ಲಿ. ನನ್ನ ತಾಯಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ಪ್ರತಿ ಸಲವೂ ಕನ್ನಡದಲ್ಲಿ ಕೊಡಿ ಅಂತ ಕೇಳಬೇಕಾಗುತ್ತದೆ. ನಿಮ್ಮ ಲೆಕ್ಕ ನಿಮ್ಮ ನುಡಿಯಲ್ಲೇ ಇದೆ. ದಯವಿಟ್ಟು ಓದಿ.

ಗದಗಿನ ಗಾಳಿ

ಈ ಮಾತು ಎದಿಗೆ ನಾಟಿತು ನೋಡ್ರಿ.

ನಿವೃತ್ತ ಮೇಷ್ಟ್ರು

ಕಾಸರಗೋಡಿನವರ ಮಾತಿನಿಂದ ನೆನಪಾಯಿತು. 1987ರಲ್ಲಿ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿಗೆ ಮುಂಚಿನದು) ಚುನಾವಣೆ ಆದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಎನಿಸಿಕೊಂಡಿದ್ದರು. ಹೆಂಗಸರಿಗೆ ಶೇ. 25ರಷ್ಟು ಸ್ಥಾನ ಆಗಲೇ ಇತ್ತು, ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮುಂಚೆ. ನಮ್ಮ ಮಂಡಲದ ಪ್ರಧಾನರು ಗ್ರಾಮಸಭೆಯನ್ನು ಅರಳಿಕಟ್ಟೆಯ ಮೇಲೆ ನಡೆಸುತ್ತಿದ್ದರು. ಲೆಕ್ಕವನ್ನು ಗಟ್ಟಿಯಾಗಿ ಓದುವ ಕೆಲಸ ನನಗೇ ಕೊಡುತ್ತಿದ್ದರು. ಮೈಕಿಲ್ಲ, ಹಿಂದಿನವರಿಗೂ ಕೇಳಿಸುವಂತೆ ಕೂಗಿ ಓದಬೇಕು. ಒಂದೊಂದು ಬಾಬ್ತಿಗೂ ಒಬ್ಬರಾದರೂ ಎದ್ದು ಕೇಳುವರು.

ಬೆಂಗಳೂರಲ್ಲಿರೋ ಹಳ್ಳಿಹುಡುಗ

ಮೇಷ್ಟ್ರೇ, ಇಷ್ಟು ಓದಿ ನನಗೂ ಆಸೆ ಆಯ್ತು. ನಮ್ಮೂರದ್ದು ಯಾವತ್ತು ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಹಂಗಂದ್ರೇನು" ಅಂದಳು. ಊರಿನ ವಾಟ್ಸಾಪ್ ಗುಂಪಲ್ಲಿ ಕೇಳಿದೆ, ಅದು ಮುಗಿದು ನಾಲ್ಕು ದಿನ ಆಗಿದೆಯಂತೆ. ಡಂಗುರ ಸಾರಿಸಿಲ್ಲ, ಏನಿಲ್ಲ. ನಾನು ಕಂದಾಯ ಕಟ್ಟೋನು, ಈ ವರ್ಷವೂ ಕಟ್ಟಿದ್ದೀನಿ. ಆರ್‌ಟಿಐ ಹಾಕೋದು ಈಗ ನನ್ನ ಪಾಳಿ: ಜಮಾಬಂದಿ ವರದಿಯ ನಕಲು ಕೊಡಿ ಅಂತ.

ಪಂಚಾಯ್ತಿ ನೌಕರ

ರಸೀದಿ ತೆಗೆದು ನೋಡಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಶೇ. 6 ಅಂತ ಸೇರಿರುತ್ತೆ. ನಿಮ್ಮೂರ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯ್ತಿ ಗ್ರಂಥಾಲಯದಲ್ಲಿ, ಪೇಪರು ಬರುತ್ತಾ, ಬೀಗ ತೆಗೀತಾರಾ, ಅದನ್ನೂ ಕೇಳಬಹುದು. ಕೊಟ್ಟವರಿಗೆ ಕೇಳೋ ಹಕ್ಕಿದೆ.

ಮಾಜಿ ಮೆಂಬರು

ಮತ್ತೆ ಒಂದು. ಈ 2024-25ರ ಲೆಕ್ಕ ಕೊಡೋ ಮೆಂಬರುಗಳು ಗೆದ್ದದ್ದು 2020ರ ಡಿಸೆಂಬರ್‌ನಲ್ಲಿ, ಅವಧಿ ಐದು ವರ್ಷ. ಅಂದರೆ ಇದು ಅವರ ಕೊನೆಯ ಜಮಾಬಂದಿ. ಈಗ ಪುಸ್ತಕದಲ್ಲಿ ಬರೆಸದೇ ಹೋದರೆ ಮುಂದೆ ಬರೋರು "ಅದು ಹಿಂದಿನವರ ಕಾಲದ್ದು" ಅಂತ ಕೈ ತೊಳ್ಕೊಳ್ತಾರೆ. ನಾನೇ ಹಾಗೆ ಹೇಳಿದ್ದುಂಟು.

ಹುಣಸೆಮರದಡಿ

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಮುಗೀತು. ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಮಂಗಳವಾರವೇ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆ. ಬುಧವಾರ ರಾತ್ರಿ ಅಣ್ಣನ ಮನೆಗೆ ಹೋದೆ. "ನಾಳೆ ಚರಂಡಿ ವಿಷಯ ಕೇಳ್ತೀನಿ, ನಿನ್ನ ಮೇಲಲ್ಲ, ಎಂ.ಬಿ. ತರಿಸ್ತೀನಿ ಅಷ್ಟೇ" ಅಂದೆ. ಅತ್ತಿಗೆ ಕಾಫಿ ಕೊಟ್ಟರು. ಅಣ್ಣ ಕುಡಿಯೋವರೆಗೂ ಮಾತಾಡಲಿಲ್ಲ. ಕೊನೆಗೆ "ಕೇಳೋದಾದರೆ ಕೇಳು" ಅಂದ. ಸಿಟ್ಟಿನಲ್ಲಿ ಹೇಳಿದನೋ ಏನೋ ಗೊತ್ತಾಗಲಿಲ್ಲ.

ಗುರುವಾರ ಹತ್ತೂವರೆಗೆ ಹೋದೆವು, ನಮ್ಮ ಬೀದಿಯಿಂದ ಹದಿನಾಲ್ಕು ಜನ. ಅತ್ತೆಯೂ ಬಂದಿದ್ದರು. ಎಂ.ಬಿ. ತಂದಿರಲಿಲ್ಲ, ಇಂಜಿನಿಯರ್ ಹತ್ತಿರ ಇದೆ ಅಂದರು. ನನ್ನ ಅರ್ಜಿಯ ಸೀಲು ತೋರಿಸಿದೆ. ಜಮಾಬಂದಿ ಅಧಿಕಾರಿ ಫೋನ್ ಮಾಡಿ ತರಿಸಿದರು, ಒಂದು ಗಂಟೆ ಕಾದೆವು. ಯಾರೂ ಎದ್ದು ಹೋಗಲಿಲ್ಲ.

ನೌಕರ ಸಾಹೇಬರು ಹೇಳಿದ್ದೇ ಸರಿ. ಎರಡು ತುಂಡು. ನಮ್ಮ ಬೀದಿಯಲ್ಲಿ 84, ಅಂಗನವಾಡಿ ಹಿಂದೆ 36. ನನ್ನ ಕಿವಿಯೆಲ್ಲ ಬಿಸಿಯಾಯ್ತು. ಸಭೆಯಲ್ಲಿ ಒಬ್ಬರು "ಆಯ್ತಲ್ಲ, ಕೂತ್ಕೊ" ಅಂದೂಬಿಟ್ಟರು. ಆದರೂ ಜಾಗ ನೋಡೋಣ ಅಂತ ಹಟ ಹಿಡಿದೆ. ಎಲ್ಲರೂ ನಡೆದುಕೊಂಡೇ ಹೋದೆವು. ಅಂಗನವಾಡಿ ಹಿಂದೆ ಚರಂಡಿ ಇದೆ, ಅಳತೆಯೂ ಸರಿಯಾಗಿ 36 ಮೀಟರ್. ಆದರೆ ಮೇಲೆ ಒಂದೂ ಚಪ್ಪಡಿ ಇಲ್ಲ. ಪುಸ್ತಕದಲ್ಲಿ 120 ಮೀಟರಿಗೂ ಚಪ್ಪಡಿ ಹಾಕಿದೆ ಅಂತ ಬರೆದು ಬಿಲ್ ಆಗಿದೆ. ಅಧಿಕಾರಿ ಅಲ್ಲೇ ನಿಂತು ಬರೆದುಕೊಂಡರು, ಫೋಟೋ ತೆಗೆದರು. ಚಪ್ಪಡಿ ಹಾಕಿಸಬೇಕು, ಇಲ್ಲವೇ ಆ ಮೊತ್ತ ವಸೂಲಿ ಮಾಡಬೇಕು ಅಂತ ವರದಿಗೆ ಸೇರಿಸ್ತೀನಿ ಅಂದರು.

ಅತ್ತೆಯ ಅಂಗಳಕ್ಕೆ ನೀರು ನುಗ್ಗೋದಕ್ಕೆ ಮಾತ್ರ ಇದರಲ್ಲಿ ಪರಿಹಾರ ಇಲ್ಲ. ನಮ್ಮ ಬೀದಿಯ ಅಂದಾಜೇ 84 ಮೀಟರ್‌ಗೆ ನಿಂತಿದೆ. ಮುಂದಿನ ವಾರ್ಡ್ ಸಭೆಯಲ್ಲಿ ಹೊಸದಾಗಿ ಬರೆಸಬೇಕು.

ಅಣ್ಣ ನಮ್ಮ ಜೊತೆ ಅಂಗನವಾಡಿವರೆಗೂ ಬಂದಿದ್ದ. ಟೇಪಿನ ಇನ್ನೊಂದು ತುದಿ ಹಿಡಿದದ್ದು ಅವನೇ. ಆಮೇಲೆ ಮಾತಾಡದೆ ಹೋದ. ಇವತ್ತೂ ಫೋನ್ ಎತ್ತಿಲ್ಲ.

ಗದಗಿನ ಗಾಳಿ

ಟೇಪ್ ಹಿಡದಾನಲ್ಲ, ಸಾಕು ಬಿಡ್ರಿ. ನಾಕ ದಿನ ತಡೀರಿ.

ಮಾಜಿ ಮೆಂಬರು

ಅವನ ಜಾಗದಲ್ಲಿ ನಿಂತು ಹೇಳ್ತೀನಿ. ಅವನಿಗೆ ನಿಮ್ಮ ಮೇಲೆ ಸಿಟ್ಟಿರಲಿಕ್ಕಿಲ್ಲ. ಚಪ್ಪಡಿ ಇಲ್ಲ ಅನ್ನೋದು ತನಗೇ ಗೊತ್ತಿರಬೇಕಿತ್ತು ಅಂತ ಅನ್ನಿಸಿರುತ್ತೆ. ಭಾನುವಾರ ಹೋಗಿ ಬನ್ನಿ, ಫೋನಲ್ಲಿ ಬೇಡ.

ಪಂಚಾಯ್ತಿ ನೌಕರ

ಒಳ್ಳೆ ಕೆಲಸ ಮಾಡಿದ್ರಿ. ಈಗ ಮರೀಬಾರದ್ದು ಒಂದೇ, ವರದಿಯ ನಕಲು. ಅಧಿಕಾರಿ ಬಾಯಲ್ಲಿ ಹೇಳಿದ್ದು ಬರಹದಲ್ಲಿ ಬಂದಿದೆಯಾ ನೋಡಿ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಯ ಸಭೆಗಳು ಶುರುವಾಗ್ತವೆ. ಅಲ್ಲಿ ಅನುಪಾಲನಾ ವರದಿ ಕೇಳಿ, ಅತ್ತೆಯವರ ಬೀದಿಯ ಚರಂಡಿಯನ್ನೂ ಅಲ್ಲೇ ಸೇರಿಸಿ.

ನೀರುಗಂಟಿ ಮಗ

ನಮ್ಮೂರದ್ದು ಸೋಮವಾರ. ಅಪ್ಪನ ಸಂಬಳದ ಪ್ರಶ್ನೆ ಬರೆದು ಕೊಟ್ಟಿದ್ದೀನಿ, ಸೀಲೂ ಹಾಕಿಸಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಸಂಜೀವಿನಿ ಅಕ್ಕ

ಹೇಳಿಬಿಡು ತಮ್ಮಾ, ಸಭೆಯಲ್ಲಿ ಗೊತ್ತಾದರೆ ಅವರಿಗೆ ಕಸಿವಿಸಿ ಆಗುತ್ತೆ.

ಹುಣಸೆಮರದವರೇ, ಚಪ್ಪಡಿ ಯಾವಾಗ ಬರುತ್ತೋ ಬರಲಿ. ಅಂಗನವಾಡಿ ಹಿಂದೆ ತೆರೆದ ಚರಂಡಿ ಅಂದ್ರಲ್ಲ, ಅಲ್ಲಿ ಮೂರು ನಾಲ್ಕು ವರ್ಷದ ಕೂಸುಗಳು ಓಡಾಡ್ತವೆ. ಅಲ್ಲಿಯವರೆಗೆ ಏನಾದರೂ ಅಡ್ಡ ಹಾಕ್ಸಿ.

ಹುಣಸೆಮರದಡಿ

ಇವತ್ತು ಬೆಳಿಗ್ಗೆಯೇ ಹೋಗಿದ್ದೆವು ಅಕ್ಕ, ಬೀದಿಯವರು ಏಳೆಂಟು ಜನ. ಬಿದ್ದಿದ್ದ ತೆಂಗಿನ ಮರ ಸೀಳಿಸಿ ಹಲಗೆ ಹೊದಿಸಿದ್ವಿ. ಬಾಗಿಲ ಕಡೆ ಇನ್ನೂ ಐದು ಮೀಟರ್ ಬಾಕಿ ಇದೆ, ಭಾನುವಾರ ಮುಗಿಸ್ತೀವಿ. ಹಾಗೇ ಅಣ್ಣನ ಮನೆಗೂ ಹೋಗಿ ಬರ್ತೀನಿ.